ಮಲಗಿದವರ ಮೆರವಣಿಗೆ

ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ಗಾಡಿ ಹೊಡೆಯುವ ನರಸಯ್ಯನಿಗೆ ಚಳಿಜ್ವರ ಬಂತು. ಅದೇ ದಿನ ಮಧ್ಯಾಹ್ನ ಪಾಂಡವಪುರದ ಸಂತೆ ಮೈದಾನಕ್ಕೆ ಪೊಲೀಸರು ಬಂದರು. ಇವೆರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳುವವರು ಬೆಳಗೊಳದ ಚಿಕ್ಕಸ್ವಾಮಿಯನ್ನು ಕಂಡವರಲ್ಲ.

ಚಿಕ್ಕಸ್ವಾಮಿ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಪೈಕಿ, ಅಷ್ಟೆ. ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ಕಲಿತು, ಶ್ರೀರಂಗಪಟ್ಟಣದಲ್ಲಿ ಬಾಗಿಲು ಮುಚ್ಚಿದ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಹಳೆಯ ಕಂಪ್ಯೂಟರೊಂದನ್ನು ಗೋಣಿಚೀಲ ಹೊದಿಸಿ ಹಾಲಿನ ವ್ಯಾನಿನಲ್ಲಿ ಮನೆಗೆ ತಂದಿದ್ದ. ಅದನ್ನು ಇಟ್ಟದ್ದು ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ. ಆ ಕೋಣೆಯ ಮೇಲೆ ಅವನ ತಾಯಿ ಚಿಕ್ಕಬೋರಮ್ಮನಿಗೆ ಬೇರೆಯೇ ಆಸೆಯಿತ್ತು. ಕೆ.ಆರ್. ಪೇಟೆಯ ತಂಗಿ ಒಂದು ಎಮ್ಮೆ ಕೊಡುತ್ತೇನೆ ಎಂದು ವರ್ಷದಿಂದ ಹೇಳುತ್ತಲೇ ಇದ್ದಳು. ಕಟ್ಟಲು ಜಾಗವಿರಲಿಲ್ಲ.

ಕರೆಂಟು ಇದ್ದಾಗಲೆಲ್ಲ ಚಿಕ್ಕಸ್ವಾಮಿ ಆ ಕೋಣೆ ಸೇರುತ್ತಿದ್ದ. ಚಾಲಕನಿಲ್ಲದೆ ತಾವೇ ಯೋಚಿಸಿ ಓಡುವ ಗಾಡಿಗಳನ್ನು ಹೊರದೇಶಗಳಲ್ಲಿ ಮಾಡುತ್ತಿದ್ದಾರೆ ಎಂದು ಮೈಸೂರಿನ ಮೇಷ್ಟ್ರು ಹೇಳಿದ್ದರು. ಅಂಥದ್ದನ್ನು ಮಾಡುವ ಮುಂಚೆ ಅದರ ಸುಳ್ಳು ರೂಪವನ್ನು ಕಂಪ್ಯೂಟರಿನೊಳಗೆ ಓಡಿಸಿ ನೋಡಬೇಕು; ಅಲ್ಲಿ ಎಷ್ಟು ಸಲ ಬಿದ್ದರೂ ಯಾರ ಮಂಡಿಯೂ ತರಚುವುದಿಲ್ಲ; ಅದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ ಎಂದಿದ್ದರು. ಅಂದಿನಿಂದ ಚಿಕ್ಕಸ್ವಾಮಿಗೆ ಬೇರೆ ಧ್ಯಾನವಿಲ್ಲ. ಮನುಷ್ಯ ಹಿಂದೆ ಹಾಯಾಗಿ ಮಲಗಿರಬೇಕು, ಗಾಡಿ ತನ್ನ ಬುದ್ಧಿಯಿಂದ ತಾನು ಹೋಗಬೇಕು. ಇದು ಅವನ ಕನಸು.

ಹೊರದೇಶದ ಕಾರು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಕ್ಕರೆ ಕಾರ್ಖಾನೆಯ ಮುಂದೆ ಸಾಲು ನಿಲ್ಲುವ ಕಬ್ಬಿನ ಗಾಡಿಗಳು. ಆದ್ದರಿಂದ ಅವನ್ನೇ ಕಂಪ್ಯೂಟರಿಗೆ ಇಳಿಸಿದ. ಒಂದೊಂದು ಗಾಡಿ ಒಂದೊಂದು ಬಿಳಿ ಚುಕ್ಕಿ. ಚುಕ್ಕಿಗೆ ಅವನು ಕಲಿಸಿದ್ದು ಒಂದೇ ಪಾಠ: ಮುಂದಿನದು ಸರಿದರೆ ಸರಿ, ನಿಂತರೆ ನಿಲ್ಲು. ನಡುವೆ ಹಗ್ಗ ಜಗ್ಗುವ ಗಾಡಿಯವರನ್ನು ಸೇರಿಸಿದರೆ ಚುಕ್ಕಿಗಳೆಲ್ಲ ಒಂದರ ಮೇಲೊಂದು ಬಿದ್ದು ಸಾಲು ಕಟ್ಟಿಕೊಳ್ಳುತ್ತಿತ್ತು. ಗಾಡಿಯವರನ್ನು ತೆಗೆದುಬಿಟ್ಟರೆ ನಾಲೆಯ ನೀರಿನಂತೆ ಹರಿಯುತ್ತಿತ್ತು. ತೊಂದರೆ ಇರುವುದು ಎತ್ತಿನಲ್ಲಲ್ಲ, ಹಗ್ಗ ಹಿಡಿದವನಲ್ಲಿ ಎಂದು ಅವನಿಗೆ ಖಾತ್ರಿಯಾಗಿತ್ತು. ಎಷ್ಟೋ ಸಂಜೆ ಏನೂ ಮಾಡದೆ ಆ ಚುಕ್ಕಿಗಳು ಹರಿಯುವುದನ್ನೇ ನೋಡುತ್ತಾ ಕೂತಿರುತ್ತಿದ್ದ. ಅವನ ಬದುಕಿನಲ್ಲಿ ಅಷ್ಟು ಸುಖದ ಹೊತ್ತು ಬೇರೆ ಇರಲಿಲ್ಲ.

"ಲೇ ಚಿಕ್ಕಸ್ವಾಮಿ, ಏಳ್ಲಾ ಮೇಲೆ!" ಅಂದು ನಸುಕಿನಲ್ಲಿ ಚಿಕ್ಕಬೋರಮ್ಮ ಮಗನ ಕಂಬಳಿ ಎಳೆದಳು. "ನರಸಯ್ಯ ಗಡಗಡ ನಡುಗ್ತಾ ಬಿದ್ದವ್ನೆ. ಗಾಡೀಲಿ ಕಬ್ಬು ತುಂಬಿ ನಿಂತದೆ. ಕಾರ್ಖಾನೆಯೋರು ಕೊಟ್ಟ ಕಟಾವ್ ಆರ್ಡ್ರು ಇವತ್ತಿಗೆ ಮುಗೀತದೆ. ನೀನೇ ಒಡ್ಕಂಡೋಗು."

"ನಾನಾ ಅವ್ವ?"

"ಇನ್ಯಾರು, ನಿನ್ ಕಂಪ್ಯೂಟ್ರು ಡಬ್ಬ ಒಡ್ಕಂಡೋದದಾ? ಇಲ್ ಕೇಳು. ಸಂಜೆ ಸೈರನ್ನು ಕೂಗೋದ್ರೊಳ್ಗೆ ಕಬ್ಬು ತೂಕ ಆಗ್ಬೇಕು. ಆಯ್ತೋ, ಆ ಡಬ್ಬ ಮನೇಲೇ ಇರ್ಲಿ, ಇನ್ಮೇಲೆ ನಾನು ತುಟಿ ಪಿಟಿಕ್ ಅನ್ನಕಿಲ್ಲ. ಆಗ್ನಿಲ್ವೋ, ನಾಳೀಕೆ ಕ್ಯಾರ್ಪೇಟೆ ಎಮ್ಮೆ ಬತ್ತದೆ. ಆ ಕೋಣೇಲೇ ಕಟ್ತೀನಿ."

"ಡಬ್ಬ ಎಲ್ಲಿಗೆ ಓಯ್ತದೆ ಅವ್ವ?"

"ಎಮ್ಮೆ ಕೊಟ್ಟೋರಿಗೆ ನಾವೂ ಏನಾರ ಕೊಡ್ಬೇಕಲ್ವಾ?" ಎಂದು ಅವಳು ಒಳಗೆ ಹೋದಳು.

ಚಿಕ್ಕಬೋರಮ್ಮ ಆಡಿದ ಮಾತನ್ನು ನುಂಗುವವಳಲ್ಲ. ಚಿಕ್ಕಸ್ವಾಮಿ ತುತ್ತು ರಾಗಿ ಮುದ್ದೆ ಬಾಯಿಗೆ ಹಾಕಿಕೊಂಡು ಗಾಡಿ ಕಟ್ಟಿ ಹೊರಟ.

ಪಾಂಡವಪುರ ದಾಟಿ ನಾಗಮಂಗಲದ ರಸ್ತೆಗೆ ತಿರುಗಿದರೆ ಖಾಸಗಿ ಸಕ್ಕರೆ ಕಾರ್ಖಾನೆ. ಅವನು ಅಲ್ಲಿಗೆ ತಲುಪುವಾಗ ಬಿಸಿಲು ಏರಿತ್ತು. ಗಾಡಿಗಳ ಸಾಲು ಗೇಟಿನಿಂದ ಹಿಡಿದು ಸಂತೆ ಮೈದಾನದ ಅಂಚಿನವರೆಗೂ ಬೆಳೆದಿತ್ತು. ಬೆಲ್ಲ ಸೀದಂಥ ವಾಸನೆ ಊರ ಮೇಲೆಲ್ಲ ಕವಿದಿತ್ತು. ಅವನ ಗಾಡಿಯ ಮುಂದೆ ಅವನೂರಿನವನೇ ಆದ ದೇವರಾಜು. ರಾತ್ರಿಯೆಲ್ಲ ಕಬ್ಬು ತುಂಬಿ ನಿದ್ದೆಗೆಟ್ಟು ದೇವರಾಜುವಿನ ಕಣ್ಣು ಕೆಂಡವಾಗಿದ್ದವು.

"ಇನ್ನೂ ಎಷ್ಟೊತ್ತಾಯ್ತದೆ ದೇವರಾಜಣ್ಣ?"

"ಇಂಗೇ ಜಗ್ಗಾಡ್ತಾ ನಿಂತ್ರೆ ನಾಳೀಕೂ ಆಗಕಿಲ್ಲ ಕಣ್ಲಾ. ನೋಡು ಆ ನನ್ಮಗ ಹಗ್ಗ ಎಳೀತಾನೆ, ಇವ್ನು ಅಡ್ಡ ತೂರಿಸ್ತಾನೆ, ಗಾಡಿ ಗಾಡಿ ತಗಲಾಕ್ಕೊಂಡು ಜಗಳ."

ಚಿಕ್ಕಸ್ವಾಮಿ ನೋಡಿದ. ತನ್ನ ಕೋಣೆಯಲ್ಲಿ ಕಂಡದ್ದೇ ಇಲ್ಲೂ ನಡೆದಿತ್ತು! ಹಗ್ಗ ಹಿಡಿದವರೆಲ್ಲ ಸೇರಿ ಸಾಲನ್ನು ಗಂಟು ಹಾಕಿದ್ದರು. ಸಂಜೆಯ ಸೈರನ್ನು, ಎಮ್ಮೆ, ಬಿಳಿ ಚುಕ್ಕಿ ಎಲ್ಲ ಒಟ್ಟಿಗೆ ತಲೆಗೇರಿ ಅವನು ಗಾಡಿಯ ಮೂಕಿಯ ಮೇಲೆ ಎದ್ದು ನಿಂತ.

"ಅಣ್ಣಂದಿರಾ! ಯಾರೂ ಹಗ್ಗ ಮುಟ್ಬೇಡಿ! ಎತ್ತು ತಾವೇ ಓಯ್ತವೆ. ಮುಂದಿಂದು ಸರಿದ್ರೆ ಸರೀತವೆ, ನಿಂತ್ರೆ ನಿಲ್ತವೆ. ನಾನು ಕಂಪ್ಯೂಟ್ರಲ್ಲಿ ನೋಡಿವ್ನಿ. ನೀವೆಲ್ಲಾ ಸುಮ್ನೆ ಮಲಿಕಳಿ!"

ಸಾಲಿನವರು ಅವನನ್ನೇ ನೋಡಿದರು. ಗೇಟಿನ ಬಳಿ ಪಂಕ್ಚರ್ ಅಂಗಡಿಯ ಜೊತೆಗೆ ಟೀ ಸ್ಟವ್ವನ್ನೂ ಇಟ್ಟುಕೊಂಡಿದ್ದ ಅಬ್ದುಲ್ ವಾಹಿದ್ ಸಾಬರು ಕೆಟಲು ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದವರು ಅಲ್ಲೇ ನಿಂತರು.

"ಅರೆ ಸಾಮಿ, ಎಲ್ರೂ ಮಲಗಿಬಿಟ್ರೆ ನನ್ ಚಾಯ್ ಯಾರ್ ಕುಡೀತಾರೆ? ಎತ್ತು ಕುಡೀತಾವಾ?"

"ಮಲಗೋಕೂ ಕಂಪ್ಯೂಟ್ರು ಹೇಳ್ಬೇಕೇನ್ಲಾ?" ಎಂದ ದೇವರಾಜು. ಆದರೆ ಹೇಳುತ್ತಿದ್ದಂತೆ ಆಕಳಿಸಿದ. ಆಕಳಿಕೆ ಅಂಟುರೋಗ. ಅವನ ಮುಂದಿನವನು ಆಕಳಿಸಿದ, ಅವನ ಮುಂದಿನವನೂ ಆಕಳಿಸಿದ. ಕಂಪ್ಯೂಟರಿನ ಮೇಲೆ ನಂಬಿಕೆ ಇತ್ತೋ ಇಲ್ಲವೋ, ನಿದ್ದೆಯ ಮೇಲೆ ಎಲ್ಲರಿಗೂ ನಂಬಿಕೆಯಿತ್ತು. ಒಬ್ಬೊಬ್ಬರೇ ಹಗ್ಗ ಬಿಟ್ಟು, ಕಬ್ಬಿನ ಮೇಲೆ ಟವೆಲು ಹಾಸಿ, ಮುಖದ ಮೇಲೆ ತೋಳು ಮುಚ್ಚಿಕೊಂಡು ಉರುಳಿದರು.

ಸಾಲು ಬಿಚ್ಚಿಕೊಂಡಿತು. ಮುಂದೆ ಒಂದು ಗಾಡಿ ಸರಿದರೆ ಹಿಂದಿನದು ಸರಿಯಿತು, ಅದರ ಹಿಂದಿನದೂ ಸರಿಯಿತು. ಜಗಳವಿಲ್ಲ, ಕೂಗಾಟವಿಲ್ಲ. ಕೊರಳ ಗಂಟೆಗಳ ಸದ್ದು ಮಾತ್ರ ಮೆಲ್ಲಗೆ ಮುಂದಿನಿಂದ ಹಿಂದಕ್ಕೆ ಹರಿದುಬರುತ್ತಿತ್ತು. ಚಿಕ್ಕಸ್ವಾಮಿಯ ಕಣ್ಣಲ್ಲಿ ನೀರು ಬಂತು. ತಾನು ಗಾಜಿನೊಳಗೆ ಕಂಡದ್ದು ಇಲ್ಲಿ ಕೋಡು, ಬಾಲ ಸಮೇತ ನಡೆಯುತ್ತಿದೆ! ಎಲ್ಲರೂ ಮಲಗಿದ ಮೇಲೆ ತಾನೊಬ್ಬ ಎದ್ದು ಕೂತಿದ್ದರೆ ಲೆಕ್ಕಕ್ಕೇ ಅವಮಾನ ಎನಿಸಿ ಅವನೂ ಕಬ್ಬಿನ ಮೇಲೆ ಒರಗಿದ. ಮಾಗಿಯ ಹಿತವಾದ ಬಿಸಿಲು ಹೊಟ್ಟೆಯ ಮೇಲೆ ಬಿತ್ತು. ಗಾಡಿ ತೊಟ್ಟಿಲಿನಂತೆ ತೂಗಿತು. ಕನಸಿನಲ್ಲಿ ಬಿಳಿಚುಕ್ಕಿಗಳು ನಾಲೆಯ ನೀರಿನ ಮೇಲೆ ತೇಲಿಕೊಂಡು ಕಾವೇರಿಗೆ ಇಳಿದವು. ನದಿಯ ತುಂಬಾ ಚುಕ್ಕಿ. ಒಂದೊಂದು ಚುಕ್ಕಿಯ ಮೇಲೂ ಒಬ್ಬೊಬ್ಬ ಮನುಷ್ಯ ಮಲಗಿದ್ದ. ದಡದಲ್ಲಿ ಅವ್ವ ನಿಂತು, "ಮಲಿಕಳಪ್ಪಾ, ನಿನ್ನೆಬ್ಬಿಸೋರು ಯಾರೂ ಇಲ್ಲ" ಎನ್ನುತ್ತಿದ್ದಳು. ಅವ್ವ ಹಾಗೆ ಹೇಳುವುದು ಕನಸಿನಲ್ಲಿ ಮಾತ್ರ ಎಂಬುದು ಮಲಗಿದವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಗೇಟು ಊಟಕ್ಕೆಂದು ಮುಚ್ಚಿತು. ಸಾಲಿನ ಮೊದಲ ಜೋಡಿ ಎತ್ತುಗಳಿಗೆ ಮುಂದೆ ಗಾಡಿಯೇ ಇಲ್ಲ, ಬರೀ ಕಬ್ಬಿಣದ ಗೇಟು. ಆಗಲೇ ಹಸಿ ಸೋಗೆಯನ್ನು ಗುಡ್ಡದಂತೆ ಹೇರಿಕೊಂಡ ಒಂದು ಟ್ರಾಕ್ಟರು ಅವುಗಳ ಮೂಗಿನ ಮುಂದೆಯೇ ಹಾದುಹೋಯಿತು. ಕಬ್ಬಿನ ತುದಿಯ ಆ ಹಸಿರು ಗರಿ ಕಂಡರೆ ಎತ್ತಿಗೆ ಹಬ್ಬ. ಜೋಡಿ ಹಿಂದುಮುಂದು ನೋಡದೆ ತಿರುಗಿ ಟ್ರಾಕ್ಟರಿನ ಬೆನ್ನು ಹಿಡಿಯಿತು. ಅದರ ಹಿಂದೆ ಎರಡನೆಯ ಗಾಡಿ, ಅದರ ಹಿಂದೆ ಮೂರನೆಯದು.

ವಾಹಿದ್ ಸಾಬರು ಇದನ್ನು ಕಂಡರು. ಪಂಕ್ಚರಾದ ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವರು ಕೂಗಲೆಂದು ಬಾಯಿ ತೆರೆದರು. ಆಮೇಲೆ ಯೋಚಿಸಿದರು. ಓದಿದ ಹುಡುಗ ಕಂಪ್ಯೂಟರಿನಲ್ಲಿ ನೋಡಿ ಹೇಳಿದ್ದಾನೆ; ಗೇಟು ಮುಚ್ಚಿದರೆ ಒಂದು ಸುತ್ತು ಹಾಕಿ ಬಾ ಅಂತಲೂ ಬರೆದಿರುತ್ತಾನೆ; ನಾನು ಯಾಕೆ ಕೈ ಹಾಕಿ ಕೆಡಿಸಲಿ? ಬಾಯಿ ಮುಚ್ಚಿಕೊಂಡು ಮತ್ತೆ ಟ್ಯೂಬು ಅದ್ದಿದರು.

ಟ್ರಾಕ್ಟರಿನವನು ಸಂತೆ ಮೈದಾನದಲ್ಲಿ ಗಿರಾಕಿ ಹುಡುಕಿ ಒಂದು ಸುತ್ತು ಹಾಕಿದ. ಅಂದು ಸಂತೆಯಿರಲಿಲ್ಲ, ಮೈದಾನ ಬಣಬಣ. ಯಾರೂ ಸಿಗದೆ ಶ್ರೀರಂಗಪಟ್ಟಣದ ಕಡೆಗೆ ಜೋರಾಗಿ ಬಿಟ್ಟುಕೊಂಡು ಹೋದ. ಮೊದಲ ಜೋಡಿ ಕಂಗಾಲಾಗಿ ಅತ್ತಿತ್ತ ನೋಡಿತು. ಎದುರಿಗೇ, ತಮ್ಮದೇ ಸಾಲಿನ ಕೊನೆಯ ಗಾಡಿ ಆಗಷ್ಟೇ ಮೈದಾನಕ್ಕೆ ಇಳಿಯುತ್ತಿತ್ತು. ಅದರ ಹಿಂಭಾಗದಲ್ಲಿ ಸೋಗೆ ಜೋತಾಡುತ್ತಿತ್ತು. ಜೋಡಿ ಸಮಾಧಾನದಿಂದ ಅದರ ಹಿಂದೆ ಹೆಜ್ಜೆ ಹಾಕಿತು.

ಅಲ್ಲಿಗೆ ಸುತ್ತು ಪೂರ್ತಿಯಾಯಿತು. ಮೊದಲನೆಯದು ಕೊನೆಯದರ ಹಿಂದೆ, ಕೊನೆಯದು ಅದರ ಮುಂದಿನದರ ಹಿಂದೆ. ಅಷ್ಟೂ ಗಾಡಿಗಳು ಮೈದಾನದಲ್ಲಿ ಗುಂಡಗೆ, ನಿಧಾನವಾಗಿ, ಗಂಟೆ ಅಲ್ಲಾಡಿಸಿಕೊಂಡು ತಿರುಗತೊಡಗಿದವು. ಮೇಲೆ ಗೊರಕೆ, ಕೆಳಗೆ ಧೂಳು.

ಜನ ಸೇರಿದರು. ಗಾಡಿಯವರಿಗೆ ಯಾರೋ ಮದ್ದು ಹಾಕಿದ್ದಾರೆ ಎಂದನೊಬ್ಬ. ಹರಕೆ ಇರಬೇಕು, ಮಾತಾಡಿಸಬೇಡಿ ಎಂದಳೊಬ್ಬಳು. ಹೆಡ್ ಕಾನ್‌ಸ್ಟೇಬಲ್ ನಾಗರಾಜು ಸೈಕಲ್ಲಿನಿಂದ ಇಳಿದು ನೋಡಿದವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಈ ಜಿಲ್ಲೆಯಲ್ಲಿ ಅವರು ನೋಡದ ಚಳುವಳಿಯೇ ಇರಲಿಲ್ಲ. ರಸ್ತೆ ತಡೆ ನೋಡಿದ್ದರು, ಧರಣಿ ನೋಡಿದ್ದರು, ಕಚೇರಿಯ ಮುಂದೆ ರಾಗಿ ಮುದ್ದೆ ಮಾಡಿ ಉಂಡದ್ದನ್ನೂ ನೋಡಿದ್ದರು. ಮಲಗಿಕೊಂಡು ಮೆರವಣಿಗೆ ಹೋಗುವವರನ್ನು ಮಾತ್ರ ಇದೇ ಮೊದಲು ನೋಡುತ್ತಿದ್ದುದು. ಘೋಷಣೆಯಿಲ್ಲ, ಬಾವುಟವಿಲ್ಲ. ಕೂಗುವವರನ್ನು ಸುಮ್ಮನಾಗಿಸಬಹುದು, ಮೊದಲೇ ಸುಮ್ಮನಿರುವವರನ್ನು ಏನು ಮಾಡುವುದು? ಅವರಿಗೆ ಒಳಗೊಳಗೇ ಭಯವಾಯಿತು. ಠಾಣೆಗೂ ಕಾರ್ಖಾನೆಗೂ ಫೋನು ಮಾಡಿಸಿದರು. ಆಮೇಲೆ ಹತ್ತಿರ ಬಂದ ಗಾಡಿಯ ಪಕ್ಕ ನಡೆಯುತ್ತಾ ದೇವರಾಜುವನ್ನು ಲಾಠಿಯಿಂದ ತಿವಿದರು.

"ಏಯ್, ಯಾರಯ್ಯ ನಿಮ್ ಲೀಡ್ರು?"

ದೇವರಾಜು ಕಣ್ಣು ಬಿಡದೆಯೇ ಹಿಂದಕ್ಕೆ ಕೈ ತೋರಿಸಿದ. "ಅಗೋ, ಅವ್ನು. ಮಲಿಕಳಿ ಅಂದ, ಮಲಿಕಂಡೊ."

ಚಿಕ್ಕಸ್ವಾಮಿ ಕಣ್ಣು ಬಿಟ್ಟಾಗ ಎದೆಯ ಮೇಲೆ ಲಾಠಿ, ಅದರ ಆಚೆ ಜನ, ಜನರ ಈಚೆ ಗುಂಡಗೆ ತಿರುಗುವ ಗಾಡಿಗಳು. ಮೊದಲು ಕನಸೇ ಮುಂದುವರಿದಿದೆ ಎಂದುಕೊಂಡ. ಬಲು ಚೆನ್ನಾಗಿದೆ ಎಂದೂ ಅನಿಸಿತು. ಆಮೇಲೆ ಗಾಡಿಯಿಂದ ಧುಮುಕಿ ತನ್ನ ಎತ್ತಿನ ಬಾಯಿ ನೋಡಿದ. ಬಾಯಿ ತುಂಬಾ ದೇವರಾಜುವಿನ ಸೋಗೆ. ಹಿಂದಿನ ಎತ್ತಿನ ಬಾಯಲ್ಲಿ ತನ್ನ ಸೋಗೆ.

ಅವನಿಗೆ ಎಲ್ಲ ತಿಳಿಯಿತು. ಎತ್ತುಗಳು ಮುಂದಿನ ಗಾಡಿಯನ್ನು ಹಿಂಬಾಲಿಸಿಯೇ ಇರಲಿಲ್ಲ, ಊಟವನ್ನು ಹಿಂಬಾಲಿಸಿದ್ದವು. ತಿಂಗಳುಗಟ್ಟಲೆ ಕೂತು ಬರೆದ ಬುದ್ಧಿಯಲ್ಲಿ ಅವನು ಹೊಟ್ಟೆಯನ್ನೇ ಮರೆತಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಲೆಯೆತ್ತಿ ಸೂರ್ಯನನ್ನು ನೋಡಿದ. ಹೊತ್ತು ಪಡುವಲಕ್ಕೆ ವಾಲಿತ್ತು. ಕೆ.ಆರ್. ಪೇಟೆಯ ಎಮ್ಮೆ ಈಗಾಗಲೇ ಬೆಳಗೊಳದ ದಾರಿ ಹಿಡಿದಂತೆ ಅವನಿಗೆ ಕಂಡಿತು.

ಅಷ್ಟರಲ್ಲಿ ಕಾರ್ಖಾನೆಯ ಜೀಪು ಬಂತು. ಕಬ್ಬಿನ ವಿಭಾಗದ ಅಧಿಕಾರಿ ಶಿವಶಂಕರ್ ಇಳಿದರು. ಬೆವರು ಒರೆಸಿಕೊಳ್ಳುತ್ತಾ ಒಂದು ಸುತ್ತು ಪೂರ್ತಿ ನೋಡಿದರು.

"ಲೀಡರ್ ನೀವೇನಾ?"

"ಸಾರ್, ಇದು ಚಳುವಳಿ ಅಲ್ಲ ಸಾರ್. ಎತ್ತುಗಳು ತಾವೇ ಇಂಗೆ ಮಾಡ್ಬುಟ್ಟವೆ."

"ಎಲ್ಲಾ ಲೀಡರೂ ಮೊದಲು ಹೀಗೇ ಹೇಳೋದು. ಜನ ತಾವೇ ಬಂದ್ರು ಅಂತಾರೆ. ನೀವು ಎತ್ತು ಅಂತಿದ್ದೀರಿ." ಅಧಿಕಾರಿ ದನಿ ತಗ್ಗಿಸಿದರು. "ನೋಡಿ, ಪೇಪರಿನವರು ಬರೋ ಮುಂಚೆ ಮುಗಿಸಿಬಿಡೋಣ. ನಿಮ್ಮ ಬೇಡಿಕೆ ಏನು?"

ಚಿಕ್ಕಸ್ವಾಮಿಗೆ ಬೇಡಿಕೆಯೆಂದರೆ ಒಂದೇ ಇದ್ದದ್ದು. ಅದು ಅವನ ಬಾಯಿಂದ ತಾನಾಗಿ ಬಿತ್ತು. "ಸಂಜೆ ಸೈರನ್ನು ಕೂಗೋದ್ರೊಳ್ಗೆ ಕಬ್ಬು ತೂಕ ಆಗ್ಬೇಕು ಸಾರ್."

"ಎಲ್ಲಾ ಗಾಡೀದೂ?"

ಅವನು ದೇವರಾಜುವನ್ನು ನೋಡಿದ. ನಿದ್ದೆಯಲ್ಲಿ ನಗುತ್ತಿದ್ದ. "ಎಲ್ಲಾದೂ ಸಾರ್."

"ಅಷ್ಟೇನಾ?" ಶಿವಶಂಕರ್ ಅವನ ಎರಡೂ ಕೈ ಹಿಡಿದುಕೊಂಡರು. ರೇಟು, ಬಾಕಿ ಎಂದೆಲ್ಲ ಕೇಳುತ್ತಾನೆಂದು ಹೆದರಿ ಬಂದಿದ್ದ ಮನುಷ್ಯ. "ಟ್ರಾಕ್ಟರು ತೂಗೋ ಹಲಗೇನೂ ನಿಮಗೇ ಬಿಡಿಸ್ತೀನಿ. ಮೊದಲು ಈ ಸುತ್ತು ನಿಲ್ಲಿಸಿ ಮಾರಾಯ್ರೇ, ತಲೆ ತಿರುಗ್ತಿದೆ."

ನಿಲ್ಲಿಸುವುದು ಹೇಗೆಂದು ಚಿಕ್ಕಸ್ವಾಮಿಗೆ ಈಗ ಗೊತ್ತಿತ್ತು. ಓಡಿಹೋಗಿ ವಾಹಿದ್ ಸಾಬರ ಮುಂದೆ ನಿಂತ.

"ಸಾಬ್ರೆ, ನಿಮ್ ಲೂನಾ ತೆಗೀರಿ. ಹಿಂದೆ ಒಂದು ಹೊರೆ ಸೋಗೆ ಕಟ್ಕಂಡು ಮೆತ್ತಗೆ ಗೇಟ್ ಕಡೀಕ್ ಹೊರಡಿ."

"ಇದೂ ಕಂಪ್ಯೂಟರ್‌ನಲ್ಲಿ ಇತ್ತಾ ಸಾಮಿ?"

"ಇರ್ನಿಲ್ಲ. ಇರ್ಬೇಕಿತ್ತು."

"ಯಾ ಅಲ್ಲಾ," ಎನ್ನುತ್ತಾ ಸಾಬರು ಲೂನಾ ಹತ್ತಿದರು. ಹಸಿರು ಬಾಲ ಬೆಳೆದಂತಿದ್ದ ಆ ಲೂನಾದ ಹಿಂದೆ ಮೊದಲ ಜೋಡಿ ಹೊರಟಿತು, ಸುತ್ತು ಬಿಚ್ಚಿ ಸಾಲಾಯಿತು, ಸಾಲು ಗೇಟಿನೊಳಗೆ ಹೊಕ್ಕಿತು. ಗಾಡಿಯವರು ತೂಕದ ಹಲಗೆಯ ಮೇಲೆ ಎದ್ದು ಕಣ್ಣುಜ್ಜಿಕೊಂಡು ಇಳಿದರು. ಚಿಕ್ಕಸ್ವಾಮಿಯ ಕಬ್ಬು ತೂಗಿ, ಕೊನೆಯ ಗಾಡಿಯದೂ ತೂಗಿ, ಜನ ಕೈ ಒರೆಸಿಕೊಳ್ಳುವಷ್ಟರಲ್ಲಿ ಸೈರನ್ನು ಕೂಗಿತು. ಅಷ್ಟು ಇಂಪಾದ ಸದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಗೇಟಿನ ಬಳಿ ಚಿಕ್ಕಬೋರಮ್ಮ ನಿಂತಿದ್ದಳು. ಮಗನನ್ನು ಪೊಲೀಸರು ಹಿಡಿದರಂತೆ ಎಂಬ ಸುದ್ದಿ ಬೆಳಗೊಳಕ್ಕೆ ಬಸ್ಸಿಗಿಂತ ಮುಂಚೆ ತಲುಪಿತ್ತು. ಅವಳು ಅದೇ ಬಸ್ಸು ಹಿಡಿದು ಬಂದಿದ್ದಳು.

"ತೂಕ ಆಯ್ತು ಅವ್ವ!"

"ಆಯ್ತಾ?" ಅವಳು ಮಗನ ಮೈಮುಟ್ಟಿ ನೋಡಿದಳು. ಏಟು ಬಿದ್ದಿರಲಿಲ್ಲ. ಸೆರಗಿನಿಂದ ಅವನ ಮುಖದ ಧೂಳು ಒರೆಸಿದಳು. "ಸರಿ ಬುಡು. ಮಾತು ಅಂದ್ರೆ ಮಾತು. ಡಬ್ಬ ಮನೇಲೇ ಇರ್ಲಿ. ಎಮ್ಮೆ ಬ್ಯಾಡ ಅಂತ ತಂಗಿಗೆ ಏಳಿ ಕಳಿಸ್ತೀನಿ."

ಚಿಕ್ಕಸ್ವಾಮಿ ಅಲ್ಲೇ ನಿಂತಲ್ಲೇ ಹೊಸ ಲೆಕ್ಕ ಹಾಕತೊಡಗಿದ. ಇನ್ನು ಚುಕ್ಕಿಗಳಿಗೆ ಹಸಿವು ಕೊಡಬೇಕು. ಮೈದಾನ ಬರೆಯಬೇಕು. ಇವತ್ತೇ ಕೂರಬೇಕು. ಅಷ್ಟರಲ್ಲಿ ಶಿವಶಂಕರ್ ನಗುತ್ತಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಇಂಥ ಸಾಲು, ಇಂಥ ಶಿಸ್ತು, ಒಂದು ಜಗಳ ಇಲ್ಲ! ನಮ್ಮ ಮ್ಯಾನೇಜರಿಗೆ ಹೇಳಿದೆ. ನಿಮ್ಮಂಥವರು ಹೊರಗೆ ಇರಬಾರದು, ನಮ್ಮ ಜೊತೆ ಇರಬೇಕು ಅಂದ್ರು. ಕೆಲಸ ಕೊಡ್ತೀವಿ. ನಾಳೆಯಿಂದಲೇ ಬನ್ನಿ."

ಚಿಕ್ಕಸ್ವಾಮಿಯ ಕಣ್ಣು ಮಿಂಚಿತು. ತಂಪು ಕೋಣೆ, ಹೊಸ ಕಂಪ್ಯೂಟರು, ಹರಿಯುವ ಚುಕ್ಕಿಗಳು ಎಲ್ಲ ಒಂದೇ ಗಳಿಗೆಯಲ್ಲಿ ಕಂಡವು. "ಕಂಪ್ಯೂಟರ್ ವಿಭಾಗಾನಾ ಸಾರ್?"

"ಅಲ್ಲಪ್ಪ. ಇವತ್ತಿನ ಸುಖ ಕಂಡ ಮೇಲೆ ಇನ್ನು ಗಾಡಿಯವರು ಯಾರೂ ಎಚ್ಚರ ಇರಲ್ಲ. ದಿನಾ ಮಲಗಿಕೊಂಡೇ ಬರ್ತಾರೆ. ಎತ್ತು ದಾರಿ ತಪ್ಪದ ಹಾಗೆ ರಸ್ತೇಲಿ ನಿಂತು ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ. ಬೆಳಿಗ್ಗೆ ಗೇಟು ತೆಗೆಯೋದರಿಂದ ಮುಚ್ಚೋತನಕ. ಊಟಕ್ಕೆ ಬಿಡೋಕಾಗಲ್ಲ, ಇವತ್ತು ನೋಡಿದಿರಲ್ಲ ಏನಾಯ್ತು ಅಂತ. ವಸತಿ ಇಲ್ಲೇ ಕೊಡ್ತೀವಿ."

"ಸಾರ್, ನಾನು ಒಂದೆರಡು ದಿನ ಯೋಚ್ನೆ ಮಾಡಿ..."

"ಬತ್ತಾನೆ ಸ್ವಾಮಿ!" ಎಂದಳು ಚಿಕ್ಕಬೋರಮ್ಮ, ಎರಡೂ ಕೈ ಮುಗಿದು. "ನಾಳೀಕೇ ಬತ್ತಾನೆ. ಇಂಥ ಕೆಲ್ಸ ಯಾರ್ಗ್ ಸಿಕ್ತದೆ?"

"ಅವ್ವ, ಕಂಪ್ಯೂಟ್ರು..."

"ಅದು ಮನೇಲೇ ಇರ್ತದೆ ಕಣ್ಲಾ, ಏಳಿವ್ನಲ್ಲಾ. ಯಾರೂ ಮುಟ್ಟಕಿಲ್ಲ. ದಿನಾ ನಾನೇ ಧೂಳು ಒರೆಸ್ತೀನಿ."

ಅವಳು ಮಾತಿಗೆ ತಪ್ಪಲಿಲ್ಲ. ಕಂಪ್ಯೂಟರು ಬೆಳಗೊಳದ ಮನೆಯಲ್ಲೇ ಉಳಿಯಿತು. ಉಳಿಯದವನು ಚಿಕ್ಕಸ್ವಾಮಿ. ಮುಂದಿನ ವಾರ ನಾಗಮಂಗಲದ ರಸ್ತೆಯಲ್ಲಿ ಹೋದವರು ಅವನನ್ನು ನೋಡಿರಬೇಕು: ನೆತ್ತಿಯ ಬಿಸಿಲಿನಲ್ಲಿ, ಕೈಯಲ್ಲಿ ಒಂದು ಹಿಡಿ ಸೋಗೆ, ಬಾಯಲ್ಲಿ ಸೀಟಿ. ಅವನ ಪಕ್ಕದಲ್ಲೇ ಕಬ್ಬಿನ ಗಾಡಿಗಳು ಒಂದರ ಹಿಂದೊಂದು ತಾವಾಗಿಯೇ ಹರಿದುಹೋಗುತ್ತಿದ್ದವು. ಅವನು ಕನಸು ಕಂಡಂತೆಯೇ, ಗಂಟೆಯ ಸದ್ದೊಂದು ಬಿಟ್ಟರೆ ಬೇರೆ ಸದ್ದಿಲ್ಲದೆ, ಪ್ರತಿಯೊಂದರ ಮೇಲೂ ಒಬ್ಬೊಬ್ಬ ಮನುಷ್ಯ ಹಾಯಾಗಿ ಮಲಗಿದ್ದ. ನೋಡುತ್ತಾ ನೋಡುತ್ತಾ ಚಿಕ್ಕಸ್ವಾಮಿಯ ರೆಪ್ಪೆಗಳೂ ಭಾರವಾಗಿ ಕೆಳಗಿಳಿದವು.

"ಏನ್ಲಾ ಅದು?" ಹಾದುಹೋಗುತ್ತಿದ್ದ ಗಾಡಿಯೊಂದರ ಮೇಲಿನಿಂದ ದೇವರಾಜು ಒಂದು ಕಣ್ಣು ತೆರೆದು ಗದರಿದ. "ನೀನೇ ತೂಕಡ್ಸುದ್ರೆ ನಾವು ಯಾರ್ ನಂಬ್ಕಂಡು ಮಲಿಕಳದ್ಲಾ?"

ಗದರಿ, ಮಗ್ಗುಲು ತಿರುಗಿ, ಮತ್ತೆ ನಿದ್ದೆ ಹೋದ.